ಸುಂಡಾ ಅಂಕಿಗಳು ಚೌಕವಾದಾಗ, ಪ್ರಶ್ನಾರ್ಥಕವಾದಾಗ, ಲೆಕ್ಕಕ್ಕೆ ಸಿಗದಾದಾಗ: ದೋಷ ನಿವಾರಣೆ ಕೈಪಿಡಿ

ಇಂಡೋನೇಷ್ಯಾದ ಜಾವಾ ದ್ವೀಪದ ಪಶ್ಚಿಮ ಭಾಗದವರ ಮಾತು ಸುಂಡಾ. ಅಲ್ಲಿನ ದಿನಬಳಕೆಯ ಬರಹ ರೋಮನ್ ಲಿಪಿಯಲ್ಲೇ ನಡೆಯುತ್ತದೆ. ಆದರೆ 1996ರಲ್ಲಿ ಪಶ್ಚಿಮ ಜಾವಾ ಪ್ರಾಂತ್ಯ ಭಾಷೆ ಮತ್ತು ಲಿಪಿಯನ್ನು ಉಳಿಸಿಕೊಳ್ಳಲು ನಿಯಮ ಮಾಡಿದ ಮೇಲೆ ಹಳೆಯ ಲಿಪಿಗೆ ಮರುಜೀವ ಬಂತು. ಬಂಡುಂಗ್ ನಗರದ ರಸ್ತೆ ಫಲಕಗಳಲ್ಲಿ ಇಂದು ಅದನ್ನು ಕಾಣಬಹುದು. ಶಾಲೆಯಲ್ಲೂ ಕಲಿಸುತ್ತಾರೆ. 2008ರಲ್ಲಿ, ಎಲ್ಲ ಲಿಪಿಗಳ ಒಂದೊಂದು ಚಿಹ್ನೆಗೂ ಒಂದೊಂದು ಸಂಕೇತ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯ 5.1ನೇ ಆವೃತ್ತಿ ಈ ಲಿಪಿಗೆ ಜಾಗ ಕೊಟ್ಟಿತು, ಅಕ್ಷರಗಳ ಜತೆಗೆ ಹತ್ತು ಅಂಕಿಗಳೂ ಬಂದವು.

ದೋಷ ಹುಡುಕಲು ಕೆಲವು ಸಂಖ್ಯೆಗಳು ನೆನಪಿರಬೇಕು. ಸುಂಡಾ ಲಿಪಿಯ ಮುಖ್ಯ ವಿಭಾಗ 7040ರಿಂದ 7103ರವರೆಗೆ. ಅದರೊಳಗೆ ಅಂಕಿಗಳ ಸಂಕೇತ ಸಂಖ್ಯೆ 7088ರಿಂದ 7097. ಸೊನ್ನೆಗೆ 7088, ಒಂದಕ್ಕೆ 7089, ಹೀಗೆ ಸಾಲಾಗಿ ಒಂಬತ್ತಕ್ಕೆ 7097. ಹದಿನಾರರ ಎಣಿಕೆಯಾದ ಹೆಕ್ಸಾಡೆಸಿಮಲ್‌ನಲ್ಲಿ ಬರೆದರೆ 1ಬಿಬಿ0ಯಿಂದ 1ಬಿಬಿ9. ಈ ಸಂಖ್ಯೆಗಳನ್ನು ಫೈಲಿನಲ್ಲಿ ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಎಂಬ ಎನ್‌ಕೋಡಿಂಗಿನಲ್ಲಿ ಒಂದೊಂದು ಅಂಕಿಗೂ ಮೂರು ಬೈಟ್ ಬೇಕು: ಮೊದಲೆರಡು ಯಾವಾಗಲೂ 225 ಮತ್ತು 174, ಮೂರನೆಯದು ಮಾತ್ರ 176ರಿಂದ 185ರವರೆಗೆ ಬದಲಾಗುತ್ತದೆ. ನಮ್ಮ ಕನ್ನಡ ಅಂಕಿಗಳು 3302ರಿಂದ 3311ರಲ್ಲಿವೆ, ಅವಕ್ಕೂ ಮೂರೇ ಬೈಟ್. ಎರಡನ್ನೂ ಯೂನಿಕೋಡ್ ದಶಮಾನ ಅಂಕಿ ಎಂಬ ಒಂದೇ ವರ್ಗಕ್ಕೆ ಸೇರಿಸಿದೆ. ಹಾಗಾಗಿ ಕನ್ನಡ ಅಂಕಿಯನ್ನು ಪಕ್ಕದಲ್ಲಿಟ್ಟು ನೋಡಿದರೆ ದೋಷ ಫಾಂಟಿನದೋ ತಂತ್ರಾಂಶದ್ದೋ ಎಂಬುದು ಬಹುಪಾಲು ಅಲ್ಲೇ ತಿಳಿಯುತ್ತದೆ.

ಓದುಗರ ಫೋನಿನಲ್ಲಿ ಸುಂಡಾ ಫಾಂಟ್ ಇಲ್ಲದಿದ್ದರೆ ಈ ಪುಟದಲ್ಲೇ ಚೌಕಗಳು ಮೂಡುತ್ತವೆ. ಅದಕ್ಕಾಗಿ ಇಲ್ಲಿ ಅಂಕಿಗಳನ್ನು ಸಂಕೇತ ಸಂಖ್ಯೆಯಿಂದಲೇ ಗುರುತಿಸಲಾಗಿದೆ.

ಕೈಹಾಕುವ ಮುನ್ನ

ದೋಷವಿರುವ ಫೈಲಿನ ಒಂದು ಪ್ರತಿ ತೆಗೆದು ಬೇರೆ ಕಡೆ ಇಡಿ. ಪರದೆಯ ಮೇಲೆ ಅಂಕಿ ಕೆಟ್ಟು ಕಾಣುತ್ತಿರುವಾಗ ಮೂಲ ಫೈಲನ್ನು ಸೇವ್ ಮಾಡಬೇಡಿ. ಎಷ್ಟೋ ಸಲ ಬೈಟುಗಳು ಸರಿಯಾಗಿಯೇ ಇರುತ್ತವೆ, ತೆರೆದ ರೀತಿ ಮಾತ್ರ ತಪ್ಪಿರುತ್ತದೆ. ಆ ಹೊತ್ತಿನಲ್ಲಿ ಸೇವ್ ಒತ್ತಿದರೆ ತಪ್ಪು ಓದೇ ಫೈಲಿನಲ್ಲಿ ಕಾಯಂ ಆಗುತ್ತದೆ.

ಆಮೇಲೆ ಒಂದು ಪರೀಕ್ಷಾ ಸಾಲು ಮಾಡಿಕೊಳ್ಳಿ. ನೋಟ್‌ಪ್ಯಾಡಿನಲ್ಲಿ ಈ ಸಾಲನ್ನು ಬರೆದು ಎಚ್‌ಟಿಎಂಎಲ್ ಫೈಲಾಗಿ ಉಳಿಸಿ, ಬ್ರೌಸರಿನಲ್ಲಿ ತೆರೆಯಿರಿ:

`೨೦೧೦ |᮲᮰᮱᮰|`

ಇದರಲ್ಲಿ 2010 ಎಂಬ ಸಂಖ್ಯೆ ಮೊದಲು ಕನ್ನಡದಲ್ಲಿ, ಆಮೇಲೆ ಸುಂಡಾದಲ್ಲಿ ಮೂಡಬೇಕು. ಸಾಲಿನಲ್ಲಿರುವುದು ಆಸ್ಕಿ, ಅಂದರೆ ಇಂಗ್ಲಿಷ್ ಕೀಲಿಮಣೆಯ ಸಾದಾ ಚಿಹ್ನೆಗಳಾದ್ದರಿಂದ ಫೈಲನ್ನು ಯಾವ ಎನ್‌ಕೋಡಿಂಗಿನಲ್ಲಿ ಉಳಿಸಿದರೂ ಕೆಡುವುದಿಲ್ಲ. ಎರಡೂ ಸರಿಯಾಗಿ ಕಂಡರೆ ಫಾಂಟ್ ಇದೆ, ದೋಷ ನಿಮ್ಮ ಫೈಲಿನಲ್ಲಿದೆ. ಕನ್ನಡ ಕಂಡು ಸುಂಡಾ ಚೌಕವಾದರೆ ಫಾಂಟ್ ಇಲ್ಲ. ಕಾಸು ಖರ್ಚಿಲ್ಲದ ಈ ಪರೀಕ್ಷೆ ಮಾಡದೆ ಫಾಂಟ್ ಡೌನ್‌ಲೋಡ್ ಮಾಡುವುದಾಗಲಿ ಡೇಟಾಬೇಸ್ ಮುಟ್ಟುವುದಾಗಲಿ ಬೇಡ.

ಅಂಕಿ ಇರಬೇಕಾದ ಕಡೆ ಖಾಲಿ ಚೌಕ

ಚೌಕ ಕಂಡರೆ ಗಾಬರಿ ಬೇಡ. ಸಂಕೇತ ಸಂಖ್ಯೆ ತಲುಪಿದೆ, ಅದಕ್ಕೆ ಬಿಡಿಸಬೇಕಾದ ಚಿತ್ರ ಫಾಂಟಿನಲ್ಲಿ ಇಲ್ಲ, ಅಷ್ಟೇ. ನಾಲ್ಕು ಅಂಕಿಯ ಸಂಖ್ಯೆಗೆ ನಾಲ್ಕೇ ಚೌಕ ಇವೆಯೇ ಎಂದು ಎಣಿಸಿ. ನಾಲ್ಕಿದ್ದರೆ ದತ್ತಾಂಶ ಕ್ಷೇಮ.

ಫೈರ್‌ಫಾಕ್ಸ್‌ನಲ್ಲಿ ಚೌಕದೊಳಗೆ ಪುಟ್ಟದಾಗಿ ಹೆಕ್ಸ್ ಸಂಖ್ಯೆ ಕಾಣುತ್ತದೆ. ಪುಟವನ್ನು ದೊಡ್ಡದು ಮಾಡಿ ಓದಿ. 1ಬಿಬಿ ಎಂದು ಶುರುವಾಗಿ ಕೊನೆಯಲ್ಲಿ 0ಯಿಂದ 9ರವರೆಗಿನ ಅಂಕಿ ಇದ್ದರೆ ಅದು ಅಸಲಿ ಸುಂಡಾ ಅಂಕಿ, ಆ ಕೊನೆಯ ಅಂಕಿಯೇ ಅದರ ಬೆಲೆ. ಇ ಅಥವಾ ಎಫ್ ಅಕ್ಷರದಿಂದ ಶುರುವಾಗಿದ್ದರೆ ಅದು ಬಹುಶಃ ಖಾಸಗಿ ಬಳಕೆಯ ವಿಭಾಗದ ಸಂಕೇತ, ಅಂದರೆ 57344ರಿಂದ 63743ರ ನಡುವಿನದು. ಯಾರೋ ತಮ್ಮದೇ ಫಾಂಟಿಗೆ ಹೊಂದಿಸಿಕೊಂಡು ಬರೆದಿದ್ದಾರೆ ಎಂದರ್ಥ. ಅದಕ್ಕೆ ಫಾಂಟ್ ಹಾಕಿದರೆ ಸಾಲದು, ಸಂಕೇತಗಳನ್ನೇ ಬದಲಿಸಬೇಕು.

ಫಾಂಟ್ ಬೇಕಾದರೆ ನೋಟೊ ಸಾನ್ಸ್ ಸುಂಡಾನೀಸ್ ಸಾಕು. ಉಚಿತ, ಹತ್ತೂ ಅಂಕಿಗಳು ಅದರಲ್ಲಿವೆ. ಗೂಗಲ್ ಫಾಂಟ್ಸ್‌ನಿಂದಲೇ ಇಳಿಸಿಕೊಳ್ಳಿ. ಟಿಟಿಎಫ್ ಅಥವಾ ಒಟಿಎಫ್ ಬದಲು ಇಎಕ್ಸ್‌ಇ ಫೈಲ್ ಕೊಡುವ ಜಾಲತಾಣದಿಂದ ದೂರ ಇರಿ, ಫಾಂಟಿಗೆ ಇನ್‌ಸ್ಟಾಲರ್ ಪ್ರೋಗ್ರಾಮ್ ಬೇಕಿಲ್ಲ. ಫಾಂಟ್ ಹಾಕಿದ ಮೇಲೆ ತೆರೆದಿದ್ದ ಬ್ರೌಸರ್, ವರ್ಡ್ ಎಲ್ಲವನ್ನೂ ಪೂರ್ತಿ ಮುಚ್ಚಿ ತೆರೆಯಿರಿ. ಜಾಲತಾಣ ನಿಮ್ಮದೇ ಆಗಿದ್ದರೆ ಓದುಗರ ಯಂತ್ರವನ್ನು ನಂಬದೆ, ಪುಟದ ಜತೆಗೇ ಇಳಿಯುವ ವೆಬ್‌ಫಾಂಟ್ ಆಗಿ ಸೇರಿಸಿ.

ಅಂಕಿ, ಅಕ್ಷರ ಎಲ್ಲ ಸರಿಯಾಗಿ ಕಂಡು ಹಳೆಯ ಪಠ್ಯಗಳ ವಿರಾಮ ಚಿಹ್ನೆಗಳು ಮಾತ್ರ ಚೌಕವಾದರೆ ಫಾಂಟ್ ಹಳತು. ಆ ಚಿಹ್ನೆಗಳು 2012ರ 6.1ನೇ ಆವೃತ್ತಿಯಲ್ಲಿ ಬೇರೆಯೇ ಪೂರಕ ವಿಭಾಗದಲ್ಲಿ, 7360ರಿಂದ ಮುಂದೆ, ಸೇರಿದವು.

ಪ್ರಶ್ನಾರ್ಥಕ, ಕಪ್ಪು ವಜ್ರ, ಅಥವಾ ಮೂರು ಮೂರು ವಿಚಿತ್ರ ಚಿಹ್ನೆ

ಈ ಮೂರನ್ನೂ ಜನ 'ಗಾರ್ಬೇಜ್' ಎಂದು ಒಟ್ಟಿಗೇ ದೂರುತ್ತಾರೆ. ಆದರೆ ಇವು ಬೇರೆ ಬೇರೆ ರೋಗ. ಒಂದಕ್ಕೆ ಮದ್ದಿಲ್ಲ, ಒಂದಕ್ಕೆ ಅರ್ಧ ಮದ್ದಿದೆ, ಒಂದು ಪೂರ್ತಿ ವಾಸಿಯಾಗುತ್ತದೆ.

ಮೂರು ಚಿಹ್ನೆಗಳ ಗುಂಪು ವಾಸಿಯಾಗುವಂಥದ್ದು. ತಲೆಯ ಮೇಲೆ ಗೀಟಿರುವ ರೋಮನ್ 'ಎ' (á), ಅದರ ಪಕ್ಕ ® ಚಿಹ್ನೆ, ಅದರ ಪಕ್ಕ ಇನ್ನೊಂದು ಸಣ್ಣ ಚಿಹ್ನೆ, ಹೀಗೆ ಮತ್ತೆ ಮತ್ತೆ ಕಂಡರೆ ಯುಟಿಎಫ್-8ರ ಮೂರು ಬೈಟುಗಳನ್ನು ವಿಂಡೋಸ್-1252 ಎಂಬ ಹಳೆಯ ಒಂದು ಬೈಟಿನ ಪಟ್ಟಿಯಂತೆ ಓದಲಾಗಿದೆ. 225 ಎಂದರೆ ಆ 'ಎ', 174 ಎಂದರೆ ®. ಮೂರನೆಯ ಚಿಹ್ನೆ ಅಂಕಿ ಯಾವುದೆಂದು ಹೇಳುತ್ತದೆ: ° ಇದ್ದರೆ ಸೊನ್ನೆ, ± ಇದ್ದರೆ ಒಂದು, ² ಇದ್ದರೆ ಎರಡು, ³ ಇದ್ದರೆ ಮೂರು, ¶ ಇದ್ದರೆ ಆರು. ಎಚ್ಚರ ಬೇಕಾದ್ದು ಒಂಬತ್ತರಲ್ಲಿ. ಅದು ¹ ಆಗಿ ಮೂಡುತ್ತದೆ, ಕಣ್ಣಳತೆಯಲ್ಲಿ ತಿದ್ದುವವರು ಅದನ್ನು ಒಂದು ಎಂದುಕೊಂಡುಬಿಡುತ್ತಾರೆ.

ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಮ್ ಬೇರ್ಪಡಿಸಿದ ಪಠ್ಯ) ಫೈಲನ್ನು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಈ ದೋಷ ಹೆಚ್ಚು. ಫೈಲನ್ನು ಮುಚ್ಚಿ, ಸೇವ್ ಕೇಳಿದರೆ ಬೇಡ ಎನ್ನಿ. ಖಾಲಿ ವರ್ಕ್‌ಬುಕ್ ತೆರೆದು ಡೇಟಾ ಮೆನುವಿನಿಂದ ಪಠ್ಯ ಅಥವಾ ಸಿಎಸ್‌ವಿ ಆಯ್ದು, ಫೈಲಿನ ಮೂಲ ಎಂಬಲ್ಲಿ 65001 ಯುಟಿಎಫ್-8 ಕೊಡಿ. ಅಂಕಿಗಳು ಸರಿಯಾಗಿ ಬರುತ್ತವೆ.

ಯಾರಾದರೂ ಅದಾಗಲೇ ಸೇವ್ ಮಾಡಿಬಿಟ್ಟಿದ್ದರೆ ಬೈಟ್ ಎಣಿಸಿ. ನಾಲ್ಕು ಅಂಕಿಗೆ 12 ಬೈಟ್ ಇರಬೇಕು. 24 ಇದ್ದರೆ ಒಂದು ಸಲ ತಪ್ಪಾಗಿ ಮರುಬರಹ ಆಗಿದೆ. ಹಾಗಿದ್ದಾಗ ಪಠ್ಯವನ್ನು ವಿಂಡೋಸ್-1252ಕ್ಕೆ ಎನ್‌ಕೋಡ್ ಮಾಡಿ, ಸಿಕ್ಕ ಬೈಟುಗಳನ್ನು ಯುಟಿಎಫ್-8 ಎಂದು ಓದಿದರೆ ಮೂಲ ಮರಳುತ್ತದೆ. ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ಅಂಕಿಗಳ ಮಟ್ಟಿಗೆ ಇದು ನಂಬಬಹುದಾದ ದಾರಿ, ಏಕೆಂದರೆ 176ರಿಂದ 185ರವರೆಗಿನ ಎಲ್ಲ ಬೈಟುಗಳಿಗೂ ಆ ಪಟ್ಟಿಯಲ್ಲಿ ಚಿಹ್ನೆ ಇದೆ. ಅಕ್ಷರಗಳಿಗೆ ಆ ಭರವಸೆ ಇಲ್ಲ: 129, 141, 143, 144, 157 ಈ ಐದು ಸ್ಥಾನಗಳು ಪಟ್ಟಿಯಲ್ಲಿ ಖಾಲಿ, ಆ ಬೈಟ್ ಬಳಸುವ ಸುಂಡಾ ಅಕ್ಷರಗಳು ದಾರಿಯಲ್ಲೇ ಉದುರಿರಬಹುದು. ಅಂಕಿ ಮರಳಿತೆಂದು ಇಡೀ ವಾಕ್ಯ ಮರಳಿತು ಎಂದುಕೊಳ್ಳಬೇಡಿ.

ಕಪ್ಪು ವಜ್ರದೊಳಗೆ ಪ್ರಶ್ನಾರ್ಥಕ ಕಂಡರೆ ಅದು 65533 ಎಂಬ ಬದಲಿ ಚಿಹ್ನೆ. ಯುಟಿಎಫ್-8 ಎಂದು ಓದಲು ಹೊರಟ ತಂತ್ರಾಂಶಕ್ಕೆ ಅರ್ಧಕ್ಕೆ ತುಂಡಾದ ಬೈಟ್ ಸಿಕ್ಕಿದೆ. ಸಾಲಿನ ಕೊನೆಯಲ್ಲಿ ಮಾತ್ರ ಇದ್ದರೆ ಕಾಲಮಿನ ಅಗಲ ನೋಡಿ. ಡೇಟಾಬೇಸ್ ತಂತ್ರಾಂಶವಾದ ಒರಾಕಲ್‌ನಲ್ಲಿ ವಾರ್‌ಚಾರ್2 ಕಾಲಮಿನ ಅಳತೆ, ಬೇರೆ ಹೇಳದಿದ್ದರೆ, ಬೈಟಿನಲ್ಲಿ. ನಾಲ್ಕು ಎಂದು ಕೊಟ್ಟ ಕಾಲಮಿನಲ್ಲಿ ಒಂದು ಸುಂಡಾ ಅಂಕಿ ಹಿಡಿಸಿ ಎರಡನೆಯದಕ್ಕೆ ಒಂದೇ ಬೈಟ್ ಉಳಿಯುತ್ತದೆ. ಡೇಟಾಬೇಸ್ ತಾನೇ ಅದನ್ನು ತಿರಸ್ಕರಿಸುತ್ತದೆ, ಆದರೆ ಸೇರಿಸುವ ಮುನ್ನ ಬೈಟ್ ಲೆಕ್ಕದಲ್ಲಿ ಕತ್ತರಿಸುವ ಪ್ರೋಗ್ರಾಮ್ ಇದ್ದರೆ ವಜ್ರ ಹುಟ್ಟುತ್ತದೆ. ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್ ಎರಡರಲ್ಲೂ ಅಳತೆ ಅಕ್ಷರಗಳಲ್ಲಿ. ಫೈಲನ್ನು ಇನ್ನೂ ಸೇವ್ ಮಾಡಿರದಿದ್ದರೆ ಮೂಲ ಬೈಟುಗಳು ಡಿಸ್ಕಿನಲ್ಲಿ ಇರುತ್ತವೆ, ಹೆಕ್ಸ್ ಎಡಿಟರಿನಲ್ಲಿ ನೋಡಬಹುದು. ಸೇವ್ ಆಗಿದ್ದರೆ ವಜ್ರವಾದ ಜಾಗ ಹೋದಂತೆಯೇ.

ಸಾದಾ ಪ್ರಶ್ನಾರ್ಥಕ ಅತಿ ಕೆಟ್ಟದ್ದು. ನಾಲ್ಕು ಅಂಕಿಯ ಕಡೆ ನಾಲ್ಕು ? ಇದ್ದರೆ, ಜಾಗವಿಲ್ಲದ ಪಟ್ಟಿಗೆ ಪರಿವರ್ತಿಸುವಾಗ ಅಂಕಿಯನ್ನು ಎಸೆದು ಅದರ ಬದಲು 63ನೇ ಸಂಕೇತವನ್ನು ಬರೆದಾಗಿದೆ. ಯಾವ ಸಾಧನವೂ ಇದನ್ನು ಮರಳಿಸದು. ಇಲ್ಲಿಗೆ ನಿಲ್ಲಿಸಿ, ಮೂಲ ದಾಖಲೆಗೆ ಅಥವಾ ಬ್ಯಾಕಪ್‌ಗೆ ಹೋಗಿ. ಮುಂದೆ ಆಗದಂತೆ ನೋಡಲು: ಮೈಎಸ್‌ಕ್ಯುಎಲ್ ಕಾಲಮ್ ಅಥವಾ ಸಂಪರ್ಕ ರೋಮನ್ ಅಕ್ಷರಗಳಷ್ಟೇ ಇರುವ ಲ್ಯಾಟಿನ್1 ಪಟ್ಟಿಯಲ್ಲಿದೆಯೇ ಎಂದು ನೋಡಿ. ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಕಾಲಮ್ ಎನ್‌ವಾರ್‌ಚಾರ್ ಆಗಿದ್ದರೂ ಉದ್ಧರಣೆ ಗುರುತಿನ ಮುಂದೆ 'ಎನ್' ಅಕ್ಷರ ಹಾಕದೆ ಪಠ್ಯ ಕೊಟ್ಟರೆ ಇದೇ ಗತಿ.

ಡೇಟಾಬೇಸನ್ನು ನಾಲ್ಕು ಬೈಟಿನ ಯುಟಿಎಫ್8ಎಂಬಿ4ಕ್ಕೆ ಬದಲಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬದಲಿಸುವುದು ಒಳ್ಳೆಯದೇ, ಆದರೆ ಸುಂಡಾ ಅಂಕಿಯ ದೋಷಕ್ಕೆ ಅದು ಕಾರಣವಲ್ಲ. ನಾಲ್ಕು ಬೈಟ್ ಬೇಕಾಗುವುದು 65535ರ ಆಚೆಯ ಸಂಕೇತಗಳಿಗೆ. ಮೂರು ಬೈಟಿನ ಹಳೆಯ ಯುಟಿಎಫ್8ರಲ್ಲೂ ಸುಂಡಾ ಅಂಕಿಗಳು ಸುರಕ್ಷಿತ. ಅದಲ್ಲದೆ, ಒಳಗಿನ ದತ್ತಾಂಶ ಮೊದಲೇ ತಪ್ಪು ಓದಿನಿಂದ ಕೆಟ್ಟಿದ್ದರೆ ನೇರ ಪರಿವರ್ತನೆ ಆ ಕೆಡುಕನ್ನೇ ನಿಷ್ಠೆಯಿಂದ ನಕಲು ಮಾಡುತ್ತದೆ. ಕಾಲಮನ್ನು ಮೊದಲು ಬೈನರಿ ಮಾಡಿ, ಆಮೇಲೆ ಯುಟಿಎಫ್ ಎಂದು ಘೋಷಿಸುವುದು ಸರಿಯಾದ ಕ್ರಮ. ಇದನ್ನು ಬ್ಯಾಕಪ್ ಇಲ್ಲದೆ, ನಡೆಯುತ್ತಿರುವ ಸೇವೆಯ ಮೇಲೆ ಮಾಡಬೇಡಿ. ಡೇಟಾಬೇಸ್ ನೋಡಿಕೊಳ್ಳುವವರನ್ನು ಕರೆಯುವ ಘಟ್ಟ ಇದು.

ನನ್ನ ಕಂಪ್ಯೂಟರಿನಲ್ಲಿ ಸರಿ, ಬೇರೆಯವರಲ್ಲಿ ಇಂಗ್ಲಿಷ್

ನುಡಿ, ಬರಹ ಬಳಸಿ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲುಗಳನ್ನು ಮೇಲ್ ಮಾಡಿದವರಿಗೆ ಈ ರೋಗದ ಪರಿಚಯ ಇದ್ದೇ ಇರುತ್ತದೆ. ಸುಂಡಾ ಲಿಪಿಗೂ ಯೂನಿಕೋಡಿಗೆ ಮುಂಚಿನ ಕಾಲದ ಫಾಂಟುಗಳಿವೆ. ಅವುಗಳಲ್ಲಿ ರೋಮನ್ ಅಕ್ಷರದ ಸಂಕೇತದ ಮೇಲೆ ಸುಂಡಾ ಚಿತ್ರ ಕೂರಿಸಿರುತ್ತಾರೆ.

ಪರೀಕ್ಷೆ ಸುಲಭ. ಅಂಕಿಯನ್ನು ಆಯ್ದು ಫಾಂಟನ್ನು ಏರಿಯಲ್ ಮಾಡಿ. ಚಿತ್ರ ಹೋಗಿ ರೋಮನ್ ಅಕ್ಷರವೋ 2010 ಎಂಬ ಸಾದಾ ಅಂಕಿಯೋ ಬಂದರೆ ಹಳೆಯ ಫಾಂಟ್. ಚೌಕ ಬಂದರೆ, ಅಥವಾ ಫಾಂಟ್ ಬದಲಾದರೂ ಸುಂಡಾ ಅಂಕಿಯೇ ಉಳಿದರೆ ಯೂನಿಕೋಡ್.

ಫಾಂಟಿನಲ್ಲಿ ಸಾದಾ ಅಂಕಿಯ ಜಾಗದಲ್ಲೇ ಸುಂಡಾ ಅಂಕಿ ಕೂರಿಸಿದ್ದರೆ ಪರಿವರ್ತನೆಗೆ ಒಂದೇ ಸೂತ್ರ ಸಾಕು: ಸಾದಾ ಅಂಕಿಯ ಸಂಕೇತಕ್ಕೆ 7040 ಕೂಡಿಸಿ. ಸಾದಾ ಸೊನ್ನೆ 48, ಕೂಡಿದರೆ 7088. ಆದರೆ ಇದನ್ನು ಆ ಫಾಂಟಿನಲ್ಲಿ ಬರೆದ ಭಾಗಕ್ಕೆ ಮಾತ್ರ ಅನ್ವಯಿಸಿ. ಇಡೀ ಫೈಲಿಗೆ ಓಡಿಸಿದರೆ ಪಕ್ಕದ ರೋಮನ್ ಪಠ್ಯದ ಪುಟಸಂಖ್ಯೆ, ಫೋನ್ ನಂಬರು ಎಲ್ಲವೂ ಸುಂಡಾ ಆಗಿಬಿಡುತ್ತವೆ.

ಕಾಣಲು ಅಂಕಿಯೇ, ಆದರೆ ಅಂಕಿಯಲ್ಲ

ಸುಂಡಾದ ಕೆಲವು ಅಂಕಿಗಳು ಅದೇ ಲಿಪಿಯ ಅಕ್ಷರಗಳನ್ನು ಹೋಲುತ್ತವೆ. ನೋಡಿ ನೋಡಿ ಟೈಪ್ ಮಾಡುವವರು ಅಂಕಿಯ ಕಡೆ ಅಕ್ಷರ ಒತ್ತುವುದು ಸಾಮಾನ್ಯ. ಪಕ್ಕದ ಲಿಪಿಗಳಿಂದಲೂ ಗೊಂದಲ ಬರುತ್ತದೆ: ಜಾವಾ ಲಿಪಿಯ ಅಂಕಿಗಳು 43472ರಿಂದ 43481, ಬಾಲಿಯವು 6992ರಿಂದ 7001. ಚಿಹ್ನೆಗಳ ಪಟ್ಟಿಯಲ್ಲಿ ಬಾಲಿ ಮತ್ತು ಸುಂಡಾ ವಿಭಾಗಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತಿವೆ, ಕೈ ತಪ್ಪುವುದು ಸುಲಭ.

ಕಣ್ಣನ್ನು ನಂಬದೆ ಸಂಕೇತ ಕೇಳಿ. ಎಕ್ಸೆಲ್, ಲಿಬ್ರೆಆಫೀಸ್, ಗೂಗಲ್ ಶೀಟ್ಸ್ ಮೂರರಲ್ಲೂ ಯೂನಿಕೋಡ್ ಎಂಬ ಫಂಕ್ಷನ್ ಇದೆ, ಕೋಶದ ಮೊದಲ ಅಕ್ಷರದ ಸಂಖ್ಯೆ ಕೊಡುತ್ತದೆ. ವರ್ಡ್‌ನಲ್ಲಾದರೆ ಅಂಕಿಯ ಬಲಕ್ಕೆ ಕರ್ಸರ್ ಇಟ್ಟು ಆಲ್ಟ್ ಮತ್ತು ಎಕ್ಸ್ ಒತ್ತಿ, ಹೆಕ್ಸ್ ಸಂಖ್ಯೆ ಬರುತ್ತದೆ. ಮತ್ತೊಮ್ಮೆ ಒತ್ತಿದರೆ ಅಂಕಿ ಮರಳುತ್ತದೆ. 7088ರಿಂದ 7097ರ ಹೊರಗಿದ್ದದ್ದು ಸುಂಡಾ ಅಂಕಿಯಲ್ಲ.

ಹಣ, ಫೋನ್ ನಂಬರು, ಔಷಧದ ಪ್ರಮಾಣ ಇರುವ ಕಡೆ ಇದು ಬರೀ ಅಂದಚೆಂದದ ಪ್ರಶ್ನೆಯಲ್ಲ. ಒಂದೇ ಸಂಖ್ಯೆಯೊಳಗೆ ಎರಡು ಲಿಪಿಯ ಅಂಕಿಗಳು ಬೆರೆತಿದ್ದರೆ ತಂತ್ರಾಂಶ ಅದನ್ನು ಸ್ವೀಕರಿಸಲೇಬಾರದು. ಓದುವವರಿಗಾಗಿ ಸಾದಾ ಅಂಕಿಯನ್ನೂ ಪಕ್ಕದಲ್ಲಿ ಕೊಡಿ.

ಕಂಬದಂಥ ಗೆರೆ ತರುವ ತೊಂದರೆ

ಅಕ್ಷರಗಳ ಜತೆ ಬೆರೆಯಬಾರದೆಂದೇ ಸುಂಡಾ ಬರಹದಲ್ಲಿ ಸಂಖ್ಯೆಯ ಎರಡೂ ಬದಿಗೆ ಒಂದೊಂದು ನೆಟ್ಟಗೆರೆ ಹಾಕುತ್ತಾರೆ. ಮೇಲಿನ ಪರೀಕ್ಷಾ ಸಾಲಿನಲ್ಲಿ ಇರುವುದು ಅದೇ. ಇದು ಕೀಲಿಮಣೆಯ ಸಾದಾ ಪೈಪ್, ಸಂಕೇತ 124. ಬರಹದ ಸಂಪ್ರದಾಯ ಮತ್ತು ಪ್ರೋಗ್ರಾಮಿಂಗ್ ಅಭ್ಯಾಸ ಇಲ್ಲಿ ನೇರವಾಗಿ ಡಿಕ್ಕಿ ಹೊಡೆಯುತ್ತವೆ, ಫಾಂಟ್ ಸರಿ ಇರುವವರನ್ನೂ ಇದು ಕಾಡುತ್ತದೆ.

ಪಟ್ಟಿಯ ಕಾಲಮುಗಳು ಹರಿದು ಹಂಚಿಹೋದರೆ, ಪೈಪಿನಿಂದ ಕಾಲಮ್ ಬೇರ್ಪಡಿಸುವ ಫೈಲಿನೊಳಗೆ ಈ ಗೆರೆ ನುಗ್ಗಿದೆ. ವಿಭಜಕವನ್ನು ಟ್ಯಾಬ್ ಮಾಡಿ. ಮಾರ್ಕ್‌ಡೌನ್ ಕೋಷ್ಟಕದಲ್ಲಿ `|` ಬರೆಯಿರಿ. ಮಾದರಿ ಕೊಟ್ಟು ಪಠ್ಯ ಹುಡುಕುವ ರೆಗೆಕ್ಸ್‌ನಲ್ಲಿ ಪೈಪ್ ಎಂದರೆ 'ಅಥವಾ', ಆದ್ದರಿಂದ ಮುಂದೆ ಹಿಂಓರೆಗೆರೆ (\) ಹಾಕದಿದ್ದರೆ ಹುಡುಕಾಟ ಖಾಲಿ ಪಠ್ಯಕ್ಕೂ ತಾಳೆಯಾಗುತ್ತದೆ.

ಮೊದಲ ಗೆರೆ ಒಂದು ಸಾಲಿನ ಕೊನೆಯಲ್ಲಿ, ಅಂಕಿ ಮುಂದಿನ ಸಾಲಿನಲ್ಲಿ ಬಿದ್ದರೂ ಅದು ಫಾಂಟಿನ ತಪ್ಪಲ್ಲ. ಯೂನಿಕೋಡಿನ ಸಾಲು ಮುರಿಯುವ ನಿಯಮದಲ್ಲಿ ಪೈಪ್ ಆದ ಮೇಲೆ ಮುರಿಯಲು ಅನುಮತಿ ಇದೆ. ವೆಬ್ ಪುಟದಲ್ಲಿ ಆ ತುಣುಕಿಗೆ ಸಾಲು ಮುರಿಯದಂತೆ ಸಿಎಸ್‌ಎಸ್ ಕೊಡಿ. ಮುದ್ರಣಕ್ಕೆ ಗೆರೆಯಾದ ಕೂಡಲೇ 8288ನೇ ಸಂಕೇತವಾದ ಅದೃಶ್ಯ ಬೆಸುಗೆ ಚಿಹ್ನೆ ಹಾಕಬಹುದು, ಆದರೆ ಡೇಟಾಬೇಸಿಗೆ ಹೋಗುವ ಪಠ್ಯದಲ್ಲಿ ಅದು ಬೇಡ. ಕಣ್ಣಿಗೆ ಕಾಣದ ಆ ಚಿಹ್ನೆ ಮುಂದೆ ಹುಡುಕಾಟವನ್ನು ಕೆಡಿಸುತ್ತದೆ.

ಗೆರೆ ಅಂಕಿಗಿಂತ ಗಿಡ್ಡ ಅಥವಾ ದಪ್ಪ ಕಂಡರೆ ಅದು ಬೇರೆ ಫಾಂಟಿನಿಂದ ಬಂದಿದೆ. ಎರಡನ್ನೂ ಒಂದೇ ಫಾಂಟಿಗೆ ತನ್ನಿ. ನಮ್ಮ ಕೀಲಿಮಣೆಗಳಲ್ಲಿ ಸಿಗುವ ದಂಡ, ಸಂಕೇತ 2404, ನೋಡಲು ಹಾಗೇ ಇದ್ದರೂ ಇಲ್ಲಿಗೆ ಹೊಂದುವುದಿಲ್ಲ.

ಕೂಡಿಸಿದರೆ ಸೊನ್ನೆ, ಫಾರ್ಮಿನಲ್ಲಿ 'ತಪ್ಪು ಸಂಖ್ಯೆ'

ಸ್ಪ್ರೆಡ್‌ಶೀಟಿನಲ್ಲಿ ಸುಂಡಾ ಅಂಕಿಗಳು ಎಡಕ್ಕೆ ಅಂಟಿಕೊಂಡಿದ್ದು, ಮೊತ್ತ 0 ಬಂದರೆ ಅವು ಪಠ್ಯವಾಗಿ ಕೂತಿವೆ. ಒಂದೊಂದು ಅಂಕಿಯ ಸಂಕೇತದಿಂದ 7088 ಕಳೆದರೆ ಬೆಲೆ ಸಿಗುತ್ತದೆ. ಹತ್ತು ಸಲ ಹುಡುಕಿ ಬದಲಿಸುವುದೂ ನಡೆಯುತ್ತದೆ. ನೆಟ್ಟಗೆರೆಗಳನ್ನು ಮೊದಲೇ ತೆಗೆಯಿರಿ.

ಪ್ರೋಗ್ರಾಮಿಂಗ್ ಭಾಷೆಗಳು ಒಂದೊಂದೂ ಒಂದೊಂದು ರೀತಿ ನಡೆದುಕೊಳ್ಳುತ್ತವೆ. ಪೈಥಾನ್‌ನ ಇಂಟ್ ಸುಂಡಾ ಅಂಕಿಯನ್ನೂ ಕನ್ನಡ ಅಂಕಿಯನ್ನೂ ತಕರಾರಿಲ್ಲದೆ ಪೂರ್ಣಾಂಕ ಮಾಡುತ್ತದೆ. ಜಾವಾದ ಪಾರ್ಸ್‌ಇಂಟ್ ಕೂಡ ಹಾಗೆಯೇ. ಜಾವಾಸ್ಕ್ರಿಪ್ಟ್ ಮಾಡುವುದಿಲ್ಲ, 'ಸಂಖ್ಯೆಯಲ್ಲ' ಎಂದು ಮರಳಿಸುತ್ತದೆ. ಡಾಟ್‌ನೆಟ್‌ನಲ್ಲಿ ವಿಚಿತ್ರವೆಂದರೆ ಅಂಕಿಯೇ ಎಂದು ಕೇಳಿದರೆ ಹೌದೆನ್ನುತ್ತದೆ, ಪೂರ್ಣಾಂಕ ಮಾಡು ಎಂದರೆ ದೋಷ ಎಸೆಯುತ್ತದೆ. ರೆಗೆಕ್ಸ್‌ನ ಅಂಕಿಯನ್ನು ಸೂಚಿಸುವ `\d` ಗುರುತಿಗೂ ಇದೇ ಭೇದ: ಪೈಥಾನ್ 3 ಮತ್ತು ಡಾಟ್‌ನೆಟ್‌ನಲ್ಲಿ ಅದು ಎಲ್ಲ ಲಿಪಿಯ ಅಂಕಿಗೂ ತಾಳೆಯಾಗುತ್ತದೆ, ಜಾವಾಸ್ಕ್ರಿಪ್ಟ್‌ನಲ್ಲಿ ಸಾದಾ ಹತ್ತಕ್ಕೆ ಮಾತ್ರ. ಬ್ರೌಸರಿನಲ್ಲಿ ತಿರಸ್ಕೃತವಾದದ್ದು ಸರ್ವರಿನಲ್ಲಿ ಒಪ್ಪಿತವಾಗುವುದು, ಅಥವಾ ಅದರ ತಿರುಗುಮುರುಗು, ಹೀಗೆ ಹುಟ್ಟುತ್ತದೆ.

ಒಂದೇ ಚಿಹ್ನೆಯ ಬೇರೆ ಬೇರೆ ರೂಪಗಳನ್ನು ಏಕರೂಪ ಮಾಡುವ ಯೂನಿಕೋಡ್ ನಾರ್ಮಲೈಸೇಶನ್ ಮಾಡಿದರೆ ಸಾದಾ ಅಂಕಿಯಾಗುತ್ತದೆ ಎಂದು ಹಲವರು ನಂಬಿದ್ದಾರೆ. ಆಗುವುದಿಲ್ಲ. ಎನ್‌ಎಫ್‌ಕೆಸಿ ವಿಧಾನ ಚೀನೀ, ಜಪಾನೀ ಪಠ್ಯದ ಅಗಲ ಅಂಕಿಗಳನ್ನು ಸಾದಾ ಮಾಡುತ್ತದೆ, ಸುಂಡಾ ಅಂಕಿಯನ್ನು ಮುಟ್ಟುವುದೇ ಇಲ್ಲ. ಲೆಕ್ಕಕ್ಕೆ ಬೇಕಾದ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಉಳಿಸಿ, ತೋರಿಸುವಾಗ ಮಾತ್ರ ಸುಂಡಾ ಮಾಡುವುದು ನೆಮ್ಮದಿಯ ದಾರಿ. ತೋರಿಸುವಾಗ ಭಾಷೆ ಸುಂಡಾ ಎಂದಷ್ಟೇ ಹೇಳಿದರೆ ಸಾದಾ ಅಂಕಿಯೇ ಬರುತ್ತದೆ, ಏಕೆಂದರೆ ಆ ಭಾಷೆಯ ರೂಢಿಯ ಲಿಪಿ ರೋಮನ್. ಭಾಷೆಯ ಗುರುತಿಗೆ ಅಂಕಿ ಪದ್ಧತಿಯ ಹೆಸರಾದ 'ಎಸ್, ಯು, ಎನ್, ಡಿ' ಎಂಬ ನಾಲ್ಕು ಅಕ್ಷರಗಳನ್ನು ಬೇರೆಯಾಗಿ ಸೇರಿಸಬೇಕು.

ಬೇರೆ ಬೇರೆ ಬರೆದರೂ 'ಈಗಾಗಲೇ ಇದೆ' ಎನ್ನುತ್ತದೆ

ಸಾದಾ 1 ಇರುವ ಕಡೆ ಸುಂಡಾ 1 ಸೇರಿಸಿದಾಗ ಡೇಟಾಬೇಸ್ ನಕಲು ಎಂದು ತಳ್ಳಿದರೆ ಕೊಲೇಶನ್, ಅಂದರೆ ಪಠ್ಯಗಳನ್ನು ಹೋಲಿಸುವ ನಿಯಮ, ಯಾವುದೆಂದು ನೋಡಿ. ಮೈಎಸ್‌ಕ್ಯುಎಲ್ 8ರ ರೂಢಿಯ 0900 ಕೊಲೇಶನ್ ಎಲ್ಲ ಲಿಪಿಗಳ ಒಂದನ್ನೂ ಸಮ ಎಂದು ಎಣಿಸುತ್ತದೆ. ಹಳೆಯ ಯೂನಿಕೋಡ್-ಸಿಐ ಕೊಲೇಶನ್ ಸುಂಡಾ ಸೇರುವ ಮುಂಚಿನ 4.0 ಪಟ್ಟಿಯದು, ಅಲ್ಲಿ ಇವು ಬೇರೆ ಬೇರೆ. ಸರ್ವರ್ ಹೊಸ ಆವೃತ್ತಿಗೆ ಏರಿದ ಮೇಲೆ ಹೊಸದಾಗಿ ಈ ದೂರು ಬರಲು ಕಾರಣ ಇದು. ಕಟ್ಟುನಿಟ್ಟಾಗಿ ಬೇರೆ ಇರಬೇಕಾದ ಕಾಲಮಿಗೆ ಬೈನರಿ ಕೊಲೇಶನ್ ಕೊಡಿ.

ಪಿಡಿಎಫ್‌ನಲ್ಲಿ ಸರಿ, ನಕಲಿಸಿದರೆ ಬೇರೆ

ಪಿಡಿಎಫ್‌ನ ಗುಣಲಕ್ಷಣಗಳಲ್ಲಿ ಫಾಂಟುಗಳ ಪಟ್ಟಿ ತೆರೆದು ಸುಂಡಾ ಫಾಂಟ್ ಅಡಕವಾಗಿದೆಯೇ ನೋಡಿ. ಅಡಕವಾಗಿದ್ದೂ ನಕಲು ಕೆಟ್ಟರೆ ಚಿತ್ರದಿಂದ ಸಂಕೇತಕ್ಕೆ ಮರಳುವ ನಕ್ಷೆ ಆ ಪಿಡಿಎಫ್‌ನಲ್ಲಿ ಇಲ್ಲ, ಬೇರೆ ತಂತ್ರಾಂಶದಿಂದ ಮತ್ತೆ ಮಾಡಿಸಿ. ಫಲಕ ಮಾಡುವವರಿಗೆ ಅಕ್ಷರವನ್ನು ರೇಖಾಚಿತ್ರ ಮಾಡಿ ಕೊಡುವುದು ಸರಿ, ಆದರೆ ಪಠ್ಯವಿರುವ ಮೂಲ ಫೈಲನ್ನೂ ಇಟ್ಟುಕೊಳ್ಳಿ. ರೇಖೆಯಾದ ಮೇಲೆ ಸಂಖ್ಯೆಯನ್ನು ಹುಡುಕಲೂ ಆಗದು, ತಿದ್ದಲೂ ಆಗದು.

ಹಸ್ತಪ್ರತಿಯ ಅಂಕಿ ಫಾಂಟಿನ ಅಂಕಿಗೆ ಹೊಂದುತ್ತಿಲ್ಲ

ಇದು ಎನ್‌ಕೋಡಿಂಗ್ ದೋಷವಲ್ಲ, ಇಲ್ಲಿ ಫಾಂಟ್ ಬದಲಿಸುತ್ತಾ ಹೊತ್ತು ಕಳೆಯಬೇಡಿ. ಯೂನಿಕೋಡ್ ಪಟ್ಟಿಯಲ್ಲಿರುವ ರೂಪಗಳು ಈಗ ಶಾಲೆಯಲ್ಲಿ ಕಲಿಸುವ ಪ್ರಮಾಣಿತ ಲಿಪಿಯವು. ತಾಳೆ ಮತ್ತು ಗೆಬಾಂಗ್ ಎಲೆಗಳ ಮೇಲಿನ ಹಳೆಯ ಸುಂಡಾ ಬರಹದಲ್ಲಿ ಅಂಕಿಯ ಆಕಾರ ಬರಹಗಾರರಿಂದ ಬರಹಗಾರರಿಗೆ ಬದಲಾಗುತ್ತದೆ. ಆಕಾರದ ಹೋಲಿಕೆ ಒಂದನ್ನೇ ನಂಬಿ ಟೈಪ್ ಮಾಡಿದರೆ ಇಸವಿಯೇ ತಪ್ಪಬಹುದು. ಎಲೆಯ ಚಿತ್ರ, ನೀವು ಓದಿದ ಬೆಲೆ, ಸುಂಡಾ ಸಂಕೇತ ಇವನ್ನು ಮೂರು ಬೇರೆ ಕಾಲಮುಗಳಲ್ಲಿ ಇಡಿ. ಅನುಮಾನವಿರುವ ಅಂಕಿಗೆ ಸಂಕೇತ ಕಾಲಮನ್ನು ಖಾಲಿ ಬಿಟ್ಟು, ಹಳೆಯ ಸುಂಡಾ ಬರಹ ಓದಬಲ್ಲ ಹಸ್ತಪ್ರತಿ ತಜ್ಞರಿಗೆ ಚಿತ್ರವನ್ನೇ ಕಳಿಸಿ.